ಪಂಪು ಒತ್ತುವ ಮೊದಲು ಉಸಿರು ಬಿಡಿ

ಜಮಖಂಡಿಯ ನನ್ನ ಔಷಧ ಅಂಗಡಿಗೆ ದಮ್ಮಿನವರು ಹೊಸ ಪಂಪು (ಇನ್ಹೇಲರ್) ಕೇಳಲು ಬಂದರೆ ಈಗ ಒಂದು ಷರತ್ತು ಹಾಕುತ್ತೇನೆ. ಹಳೆಯದನ್ನು ಹೇಗೆ ಎಳೆಯುತ್ತೀರಿ, ಇಲ್ಲೇ ತೋರಿಸಿ. ತೋರಿಸಿದ್ದನ್ನು ನೋಡಿ ನಗುವುದೋ ಅಳುವುದೋ ತಿಳಿಯದೆ ನಿಂತದ್ದುಂಟು. ಆಲೆಮನೆಯಲ್ಲಿ ಮೂವತ್ತು ವರ್ಷ ಹೊಗೆ ಕುಡಿದ ಹಿರಿಯರೊಬ್ಬರು ಬಾಯಿ ಅಗಲಿಸಿ, ಅತ್ತರು ಸಿಂಪಡಿಸಿಕೊಳ್ಳುವಂತೆ ಎರಡು ಸಲ ನಾಲಿಗೆಗೆ ಪುಸ್ ಪುಸ್ ಎಂದು ಹೊಡೆದುಕೊಂಡು, ಬಾಯಿ ಚಪ್ಪರಿಸಿ, ಆಯಿತು ಎಂದರು. ಒಲೆಯ ಮುಂದೆ ಆಯುಷ್ಯ ಸವೆಸಿದ ಅಜ್ಜಿಯೊಬ್ಬರು ಯಂತ್ರದಲ್ಲಿ ಹಾಕಿ ಎಳೆಯಬೇಕಾದ ಕ್ಯಾಪ್ಸೂಲನ್ನು ನಾಲ್ಕು ತಿಂಗಳು ನೀರಿನ ಜೊತೆ ನುಂಗಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಒಂದು ದಿನವೂ ತಪ್ಪಿಸದೆ. ತಪ್ಪು ಅವರದಲ್ಲ. ಚೀಟಿ ನೋಡಿ ಡಬ್ಬಿ ಕೊಟ್ಟು ‘ದಿನಕ್ಕೆ ಎರಡು ಸಲ’ ಎಂದಷ್ಟೇ ಹೇಳಿ ಕಳಿಸಿದವನು ನಾನೇ.

ಚೀಟಿಯಲ್ಲಿ ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಬರೆಯುವ ಈ ದಮ್ಮು ಬೀಡಿ, ಒಲೆಯ ಹೊಗೆ, ಕಲ್ಲು ಒಡೆಯುವಲ್ಲಿನ ಧೂಳು ಇವುಗಳಿಂದ ವರ್ಷಗಟ್ಟಲೆ ಕೂಡಿ ಬಂದದ್ದು. ಕೆಟ್ಟ ಶ್ವಾಸಕೋಶವನ್ನು ಯಾವ ಪಂಪೂ ಹೊಸದು ಮಾಡುವುದಿಲ್ಲ. ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ಸಡಿಲಿಸಿ, ಒಳಗೆ ಸಿಕ್ಕಿಕೊಂಡ ಗಾಳಿಗೆ ಹೊರಬರಲು ದಾರಿ ಬಿಡಿಸುತ್ತದೆ, ಅಷ್ಟೇ. ಪಂಪು ಹಿಡಿದರೆ ಚಟವಾಗುತ್ತದೆ, ಮಾತ್ರೆಯನ್ನೇ ಕೊಡಿ ಎನ್ನುವವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಶ್ವಾಸನಾಳ ಸಡಿಲಿಸುವ ಔಷಧ ಸಾಲ್ಬುಟಮಾಲ್‌ನ ಸಾಮಾನ್ಯ ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಪಫ್, ಅಂದರೆ ಒಂದು ಒತ್ತು, 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಒಂದು ಮಾತ್ರೆ ನುಂಗಿದರೆ 40 ಪಫ್‌ಗಳಷ್ಟು ಔಷಧ ಮೈತುಂಬ ಓಡಾಡುತ್ತದೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಂಪಿನ ಔಷಧ ಬೇಕಾದ ಜಾಗಕ್ಕೇ ಹೋಗುತ್ತದೆ. ಹೋಗುವಂತೆ ಎಳೆದರೆ ಮಾತ್ರ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ಎಂದು ತಿಳಿದುಕೊಳ್ಳಿ. ಸಾಲ್ಬುಟಮಾಲ್, ಲಿವೋಸಾಲ್ಬುಟಮಾಲ್ ತಕ್ಷಣದ ಪರಿಹಾರಕ್ಕೆ: ಕೆಲವು ನಿಮಿಷಗಳಲ್ಲಿ ಕೆಲಸ ಶುರು, 4ರಿಂದ 6 ಗಂಟೆ ಪರಿಣಾಮ. ಟಿಯೋಟ್ರೋಪಿಯಂ ದಿನಕ್ಕೆ ಒಂದೇ ಸಲ, 24 ಗಂಟೆಗೆ. ಎಳೆದ ಕೂಡಲೇ ಏನೂ ಅನ್ನಿಸಲಿಲ್ಲವೆಂದು ಅದನ್ನು ಬಿಟ್ಟವರು, ದಮ್ಮು ಹತ್ತಿದಾಗ ಅದನ್ನೇ ಮೇಲಿಂದ ಮೇಲೆ ಎಳೆದವರು, ಇಬ್ಬರೂ ನನ್ನಲ್ಲಿಗೆ ಬಂದಿದ್ದಾರೆ. ಡಬ್ಬಿಯ ಬಣ್ಣ ನಂಬಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ತಕ್ಷಣದ್ದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ. ಓದಲು ಬಾರದವರಿಗೂ ಕತ್ತಲಲ್ಲಿ ಕೈಗೆ ತಿಳಿಯುತ್ತದೆ.

1. ಮುಚ್ಚಳ ತೆಗೆದು ಬಾಯಿಗೆ ಇಡುವ ಕೊಳವೆಯೊಳಗೆ ಇಣುಕಿ ನೋಡಿ. ಅತಿ ಎಚ್ಚರ ಅನ್ನಿಸಬಹುದು. ಮುಚ್ಚಳ ಕಳೆದುಕೊಂಡು ಜುಬ್ಬಾದ ಜೇಬಿನಲ್ಲಿ ಎಲೆ-ಅಡಿಕೆಯ ಚೀಲದ ಜೊತೆ ಪಂಪು ಇಟ್ಟುಕೊಳ್ಳುತ್ತಿದ್ದ ಒಬ್ಬರದನ್ನು ನಾನು ಮೇಜಿನ ಮೇಲೆ ಕೊಡವಿದಾಗ ಎರಡು ಅಡಿಕೆ ಚೂರು ಉದುರಿದವು. ಒತ್ತಿದ್ದರೆ ಅವು ನೇರ ಶ್ವಾಸನಾಳಕ್ಕೆ.

2. ಚೆನ್ನಾಗಿ ಕುಲುಕಿ. ಹೊಸ ಪಂಪಾದರೆ, ಅಥವಾ ಹಲವು ದಿನ ಬಳಸದೆ ಇಟ್ಟಿದ್ದರೆ, ಒಳಗಿನ ಹಾಳೆ ಹೇಳಿದಷ್ಟು ಸಲ ಗಾಳಿಗೆ ಒತ್ತಿ ಬಿಡಿ.

3. ನೆಟ್ಟಗೆ ಕುಳಿತು ಉಸಿರು ಬಿಡಿ. ಎಲ್ಲರೂ ನುಂಗಿಹಾಕುವ ಹಂತ ಇದೇ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದೆಲ್ಲಿ? ದಮ್ಮಿನವರ ಎದೆಯಲ್ಲಿ ಮೊದಲೇ ಹಳೆಯ ಗಾಳಿ ತುಂಬಿ ನಿಂತಿರುತ್ತದೆ. ತುಟಿ ಸಣ್ಣದು ಮಾಡಿ, ದೀಪ ಅಲುಗಬೇಕು, ಆರಬಾರದು ಎನ್ನುವಷ್ಟು ಮೆಲ್ಲಗೆ, ಆದಷ್ಟೂ ಹೊರಗೆ ಬಿಡಿ. ಹಿಸುಕಿ ಬಿಡಬೇಡಿ, ಕೆಮ್ಮು ಬರುತ್ತದೆ.

4. ಇನ್ನು ಕಷ್ಟದ ಜಾಗ. ಡಬ್ಬಿಯ ತಳ ಮೇಲೆ, ಕೊಳವೆ ಕೆಳಗೆ ಬರುವಂತೆ ಹಿಡಿಯಿರಿ. ಕೊಳವೆಯನ್ನು ಹಲ್ಲುಗಳ ನಡುವೆ ಇಟ್ಟು, ಕಚ್ಚದೆ, ತುಟಿಯಿಂದ ಸಂದಿಯಿಲ್ಲದೆ ಮುಚ್ಚಿ. ನಾಲಿಗೆ ಕೆಳಗಿರಲಿ, ಅಡ್ಡ ಬಂದರೆ ಔಷಧವೆಲ್ಲ ಅದಕ್ಕೇ. ಗದ್ದ ತುಸು ಮೇಲೆ. ಈಗ ಬಾಯಿಂದ ನಿಧಾನವಾಗಿ ಉಸಿರು ಎಳೆಯಲು ಶುರು ಮಾಡಿ, ಶುರುವಾದ ಕ್ಷಣದಲ್ಲೇ ಡಬ್ಬಿಯನ್ನು ಒಂದೇ ಸಲ ಒತ್ತಿ. ಒತ್ತಿ ಆಮೇಲೆ ಎಳೆದರೆ ಔಷಧ ಗಂಟಲಿಗೆ ಅಂಟಿ ಕೂತಿರುತ್ತದೆ. ಎಳೆದು ಮುಗಿಯುವಾಗ ಒತ್ತಿದರೆ ಒಳಗೆ ಹೋಗಲು ಗಾಳಿಯೇ ಉಳಿದಿರುವುದಿಲ್ಲ. ಒತ್ತಿದ ಮೇಲೂ ಎಳೆಯುವುದನ್ನು ನಿಲ್ಲಿಸಬೇಡಿ. ತಣ್ಣಗಿನ ಪುಸ್ ಗಂಟಲಿಗೆ ಬಡಿದ ಕೂಡಲೇ ಬೆಚ್ಚಿ ನಿಲ್ಲಿಸುವವರೇ ಹೆಚ್ಚು. 4–5 ಸೆಕೆಂಡು ಎಳೆತ ಸಾಗಬೇಕು.

ಬೀಡಿ ಸೇದಿದವರು ಎಳೆಯುವುದನ್ನು ನಮಗೆ ಕಲಿಸಬೇಡಿ ಎನ್ನುತ್ತಾರೆ. ಅವರಿಗೇ ಹೆಚ್ಚು ಕಲಿಸಬೇಕು. ಬೀಡಿಯ ದಮ್ಮು ಗಿಡ್ಡದು: ಕೆನ್ನೆ ಒಳಗೆ ಹೋಗುತ್ತದೆ, ಹೊಗೆ ಮೊದಲು ಬಾಯಿಗೆ ತುಂಬುತ್ತದೆ, ಆಮೇಲೆ ಒಳಗಿಳಿಯುತ್ತದೆ. ಪಂಪಿನಲ್ಲಿ ಬಾಯಿ ಬರೀ ಹಾದಿ, ತಂಗುವ ಛತ್ರವಲ್ಲ. ಕನ್ನಡಿ ಮುಂದೆ ಎಳೆದು ನೋಡಿ. ತುಟಿಯ ಸಂದಿಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಹೊರಟರೆ ಅಷ್ಟು ದುಡ್ಡು ಗಾಳಿಗೆ ಹೋಯಿತು.

5. ಬಾಯಿ ಮುಚ್ಚಿ, 10 ಎಣಿಸುವ ತನಕ ಉಸಿರು ಹಿಡಿದು, ಮೆಲ್ಲಗೆ ಬಿಡಿ. ಅಷ್ಟು ಆಗದವರು ಆದಷ್ಟು.

6. ಎರಡನೆಯ ಪಫ್ ಇದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಉಸಿರು ಬಿಡುವುದರಿಂದ ಶುರು. ಬಸ್ ಹೊರಡುತ್ತದೆ ಎಂದು ಒಂದೇ ಎಳೆತದಲ್ಲಿ ಎರಡು ಸಲ ಒತ್ತುವುದು ಲೆಕ್ಕಕ್ಕೆ ಬರುವುದಿಲ್ಲ.

ನಾಲ್ಕನೆಯ ಹಂತ ಓದಿ ತಲೆ ತಿರುಗಿತೇ? ಹಾಗಾದರೆ ಸ್ಪೇಸರ್ ಕೊಳ್ಳಿ, ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಗುಮ್ಮಟ. ತಿರುಗದಿದ್ದರೂ ಕೊಳ್ಳಿ. ನನ್ನ ಕೈಗೆ ಅಧಿಕಾರ ಕೊಟ್ಟರೆ ಸ್ಪೇಸರ್ ಇಲ್ಲದೆ ಅರವತ್ತು ದಾಟಿದ ಯಾರಿಗೂ ಪಂಪು ಮಾರುವುದಿಲ್ಲ. ಕುಲುಕಿದ ಪಂಪನ್ನು ಆ ಪ್ಲಾಸ್ಟಿಕ್ ಗುಮ್ಮಟದ ಒಂದು ತುದಿಗೆ ಸಿಕ್ಕಿಸಿ ಒಂದು ಸಲ ಒತ್ತಿ, ಇನ್ನೊಂದು ತುದಿಯಿಂದ ನಿಧಾನವಾಗಿ ಎಳೆದರೆ ಸಾಕು. ದಮ್ಮು ಜೋರಾಗಿದ್ದರೆ ನಾಲ್ಕೈದು ಸಾಮಾನ್ಯ ಉಸಿರು. ಬೆರಳು ಮತ್ತು ಎದೆಯ ತಾಳಮೇಳದ ಗೊಡವೆಯಿಲ್ಲ. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ಅದ್ದಿ ನೆರಳಲ್ಲಿ ಹಾಗೆಯೇ ಒಣಗಲು ಬಿಡಿ. ಸೆರಗಿನಿಂದ ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಿರವಿದ್ಯುತ್ ಹಿಡಿದು ಔಷಧ ಗೋಡೆಗೆ ಅಂಟುತ್ತದೆ. ಅಗ್ಗದ ಸ್ಪೇಸರ್‌ಗಳಲ್ಲಿ ಕವಾಟದ ರಬ್ಬರು ತಿಂಗಳಲ್ಲಿ ಮುದುರಿಕೊಳ್ಳುವುದನ್ನು ಕಂಡಿದ್ದೇನೆ, ಬೆಳಕಿಗೆ ಹಿಡಿದು ನೋಡಿ ಕೊಳ್ಳಿ. ದುಡ್ಡೇ ಇಲ್ಲವೆಂದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಅಳತೆಗೆ ತೂತು ಮಾಡಿ, ಸುತ್ತ ಗಾಳಿ ಸೋರದಂತೆ ಅಂಟಿಸಿಕೊಳ್ಳಬಹುದು. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಆಸ್ತಮಾ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದ್ದರು. ಹಾಗೆ ಭದ್ರವಾಗಿ ಅಂಟಿಸಿದ ಬಾಟಲಿ, ಕೊಂಡು ತಂದ ಸ್ಪೇಸರ್‌ನಷ್ಟೇ ಕೆಲಸ ಮಾಡಿತ್ತು.

ಕ್ಯಾಪ್ಸೂಲಿನ ಪುಡಿ ಯಂತ್ರದಲ್ಲಿ ಎಲ್ಲವೂ ತಿರುಗುಮುರುಗು. ಕುಲುಕುವುದಿಲ್ಲ. ಕ್ಯಾಪ್ಸೂಲು ಹಾಕಿ ಬುಡ ತಿರುಗಿಸಿದರೆ ಅದು ಒಡೆಯುತ್ತದೆ. ಉಸಿರನ್ನು ಯಂತ್ರದಿಂದ ಮುಖ ತಿರುಗಿಸಿ ಹೊರಗೆ ಬಿಡಿ. ಬಾಯಿಯ ಪಸೆ ತಗುಲಿದರೆ ಪುಡಿ ಗಂಟು ಕಟ್ಟುತ್ತದೆ. ಇಲ್ಲಿ ಎಳೆತ ಜೋರಾಗಿ, ಒಮ್ಮೆಲೇ, ಆಳಕ್ಕೆ, ಸಣ್ಣ ಕೊಳವೆಯಲ್ಲಿ ಗಟ್ಟಿ ಲಸ್ಸಿ ಎಳೆದಂತೆ. ಪುಡಿಯನ್ನು ಒಯ್ಯುವುದು ನಿಮ್ಮ ಎಳೆತವೇ, ಬೇರೆ ಗ್ಯಾಸು ಅಲ್ಲಿಲ್ಲ. ಆಮೇಲೆ ಬಿಚ್ಚಿ ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಅಷ್ಟು ಜೋರು ಎಳೆಯುವ ತ್ರಾಣ ಇಲ್ಲದವರು ವೈದ್ಯರಿಗೆ ಹೇಳಿ ಸ್ಪೇಸರಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಪಂಪಿನಲ್ಲಿ ಸ್ಟೀರಾಯ್ಡ್ ಕೂಡ ಸೇರಿದ್ದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ನಾಲಿಗೆಗೆ ಬಿಳಿ ಬೂಷ್ಟು ಕಟ್ಟುತ್ತದೆ.

ಖಾಲಿಯಾಯಿತೇ ಎಂದು ಕಿವಿ ಹತ್ತಿರ ಅಲುಗಿಸುವುದು, ನೀರಿನಲ್ಲಿ ತೇಲಿಸುವುದು ಎರಡೂ ಮೋಸ. ಔಷಧ ತೀರಿದ ಮೇಲೂ ಗ್ಯಾಸು ಪುಸ್ ಎನ್ನುತ್ತಲೇ ಇರುತ್ತದೆ. 200 ಪಫ್‌ನ ಡಬ್ಬಿ, ದಿನಕ್ಕೆ 8 ಎಂದರೆ 25 ದಿನ. ತೆರೆದ ತಾರೀಖನ್ನು ಅದರ ಮೇಲೆಯೇ ಪೆನ್ನಿನಿಂದ ಬರೆಯಿರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಬೈಕಿನ ಡಿಕ್ಕಿ, ಟ್ರ್ಯಾಕ್ಟರಿನ ಬಾನೆಟ್ ಪಂಪಿಡುವ ಜಾಗವಲ್ಲ. ಒತ್ತಡದ ಡಬ್ಬಿ ಅದು. ಖಾಲಿಯಾದದ್ದನ್ನೂ ಒಲೆಗೆ ಎಸೆಯಬೇಡಿ. ಸಂತೆಯಲ್ಲಿ ಮಾರುವ ಹೆಸರಿಲ್ಲದ ದಮ್ಮಿನ ಪುಡಿಯ ಬಗ್ಗೆ ಕೇಳಲೇಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಹಲವೆಡೆ ಸಿಕ್ಕಿಬಿದ್ದಿದೆ. ಮೂರು ದಿನದಲ್ಲಿ ಗುಣ ಕಾಣುವ ಗುಟ್ಟು ಅದೇ.

ವೈದ್ಯರಿಗೆ ಮರೆಯದೆ ಹೇಳಬೇಕಾದದ್ದು: ಹೃದಯದ ಬಡಿತದ ತೊಂದರೆ ಇದ್ದರೆ, ಬಿಪಿಗೆ ಪ್ರೊಪ್ರಾನೊಲಾಲ್‌ನಂಥ ಮಾತ್ರೆ ನುಂಗುತ್ತಿದ್ದರೆ, ಗ್ಲಾಕೋಮಾಕ್ಕೆ ಟಿಮೊಲಾಲ್ ಹನಿ ಬಿಡುತ್ತಿದ್ದರೆ. ಕಣ್ಣಿನ ಹನಿಗೂ ದಮ್ಮಿಗೂ ಏನು ಸಂಬಂಧ ಎನ್ನಬೇಡಿ, ಆ ಹನಿ ಶ್ವಾಸನಾಳವನ್ನು ಬಿಗಿಯಬಲ್ಲದು. ಪ್ರಾಸ್ಟೇಟ್ ದಪ್ಪವಾದವರಿಗೆ ಟಿಯೋಟ್ರೋಪಿಯಂ, ಅದೇ ಜಾತಿಯ ಇಪ್ರಟ್ರೋಪಿಯಂಗಳಿಂದ ಮೂತ್ರ ಕಟ್ಟಬಹುದು. ಇವೆರಡೂ ಕಣ್ಣಿಗೆ ಸಿಡಿಯಬಾರದು.

ತಕ್ಷಣದ ಪಂಪು ಮೊದಲಿಗಿಂತ ಹೆಚ್ಚು ಸಲ ಬೇಕಾಗುತ್ತಿದೆ, ಕಫದ ಬಣ್ಣ ಹಳದಿ-ಹಸಿರಿಗೆ ತಿರುಗಿದೆ ಎಂದರೆ ಮುಂದಿನ ತಾರೀಖಿಗೆ ಕಾಯಬೇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಮಂಪರು, ಪಂಪು ಎಳೆದರೂ ಇಳಿಯದ ದಮ್ಮು: 108ಕ್ಕೆ ಕರೆ ಮಾಡಿ. ಗಾಡಿ ಬರುವ ತನಕ ನೆಟ್ಟಗೆ ಕೂರಿಸಿ, ವೈದ್ಯರು ಮೊದಲೇ ಹೇಳಿಟ್ಟ ಪ್ರಮಾಣದಲ್ಲಿ ಸ್ಪೇಸರ್ ಮೂಲಕ ಒಂದೊಂದೇ ಪಫ್ ಕೊಡಿ. ಬಂದವರಿಗೆ ಮೊದಲ ಮಾತಿನಲ್ಲೇ ಸಿಒಪಿಡಿ ಎಂದು ಹೇಳಿ, ಹಳೆಯ ಚೀಟಿ ಮತ್ತು ಪಂಪನ್ನು ಕೈಗೆ ಕೊಡಿ. ಈ ಕಾಯಿಲೆಯವರಿಗೆ ಆಮ್ಲಜನಕವನ್ನೂ ಅಳೆದು ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ 88ರಿಂದ 92 ಬರುವಷ್ಟು.