ಒಣಗಿ ಉರಿಯುವ ತುಟಿಗೆ ಲಿಪ್ ಬಾಮ್: ಏನು ಇರಬೇಕು, ಏನು ಇರಬಾರದು

ಡಿಸೆಂಬರ್ ದಾಟುತ್ತಿದ್ದಂತೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಯಲ್ಲಾಪುರ ಕಡೆ ಬೆಳಗಿನ ಚಳಿಗೆ ತುಟಿ ಬಿರಿಯಲು ಶುರು. ಹಳಿಯಾಳ, ಮುಂಡಗೋಡದ ಒಣಗಾಳಿಯಲ್ಲಿ ಇನ್ನೂ ಜಾಸ್ತಿ. ಘಟ್ಟ ಇಳಿದು ಕಾರವಾರ, ಅಂಕೋಲಾ, ಕುಮಟೆಗೆ ಬಂದರೆ ಗಾಳಿಯಲ್ಲಿ ತೇವ ಇದೆ, ಆದರೂ ತುಟಿ ಒಡೆಯುವುದು ತಪ್ಪುವುದಿಲ್ಲ. ಅಲ್ಲಿ ಕಾರಣ ಬೇರೆ: ಉಪ್ಪುಗಾಳಿ, ನೀರಿನ ಮೇಲಿಂದ ಮುಖಕ್ಕೆ ಹೊಡೆಯುವ ಬಿಸಿಲು, ಒಣಗಿತೆಂದು ಮತ್ತೆ ಮತ್ತೆ ಸವರುವ ನಾಲಿಗೆ. ಹಾಗಾಗಿ ಘಟ್ಟದ ಮೇಲೆ ಹೊಂದುವ ಬಾಮ್ ಕರಾವಳಿಗೂ ಹೊಂದುತ್ತದೆ ಎಂದೇನಿಲ್ಲ.

ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿ ಇಲ್ಲ, ಸಾಮಾನ್ಯವಾಗಿ ಎಣ್ಣೆಯ ಗ್ರಂಥಿಯೂ ಇರುವುದಿಲ್ಲ. ಮೇಲ್ಪದರ ಬಹಳ ತೆಳು. ಕೆನ್ನೆಯ ಚರ್ಮ ತನ್ನ ಜಿಡ್ಡಿನಿಂದ ತಾನೇ ಮುಚ್ಚಿಕೊಳ್ಳುತ್ತದೆ, ತುಟಿಗೆ ಆ ಅನುಕೂಲ ಇಲ್ಲ. ಒಳಗಿನ ನೀರು ಆರಿಹೋಗದಂತೆ ಮೇಲಿಂದ ಮುಚ್ಚುವುದೇ ಬಾಮಿನ ಮುಖ್ಯ ಕೆಲಸ. ಸೂಕ್ಷ್ಮ ತುಟಿಯವರಿಗೆ ಇನ್ನೊಂದು ಲೆಕ್ಕ ಇದೆ: ಡಬ್ಬಿಯಲ್ಲಿ ಐದು ಒಳ್ಳೆಯ ಪದಾರ್ಥ ಇದ್ದು, ಚುಚ್ಚುವಂಥದ್ದು ಒಂದೇ ಒಂದು ಇದ್ದರೂ ಆ ಐದರ ಕೆಲಸ ವ್ಯರ್ಥ. ಆದ್ದರಿಂದ ಆಯ್ಕೆಯನ್ನು ಬೇಡದ್ದರಿಂದಲೇ ಶುರುಮಾಡಿ.

ಮೊದಲು ಬಿಡಬೇಕಾದವು

ಮೆಂಥಾಲ್, ಕರ್ಪೂರ, ಪುದೀನ ಎಣ್ಣೆ, ನೀಲಗಿರಿ ಎಣ್ಣೆ, ದಾಲ್ಚಿನ್ನಿ, ಫಿನಾಲ್, ಸ್ಯಾಲಿಸಿಲಿಕ್ ಆಸಿಡ್. ಹಚ್ಚಿದ ಕೂಡಲೇ ಜುಮ್ಮೆಂದರೆ ಬಾಮ್ ಕೆಲಸ ಮಾಡುತ್ತಿದೆ ಎಂದು ತುಂಬ ಜನ ನಂಬಿದ್ದಾರೆ. ಬಿರಿದ ತುಟಿಯಲ್ಲಿ ಆ ಜುಮ್ಮು ಗುಣದ ಲಕ್ಷಣ ಅಲ್ಲ, ಕಿರಿಕಿರಿಯ ಲಕ್ಷಣ. ತಂಪು ಆರಿದ ಮೇಲೆ ತುಟಿ ಮತ್ತೆ ಬಿಗಿಯುತ್ತದೆ, ಮತ್ತೆ ಹಚ್ಚುತ್ತೀರಿ, ಮತ್ತೆ ಕೆರಳುತ್ತದೆ. ದಿನಕ್ಕೆ ಹತ್ತು ಸಲ ಹಚ್ಚಿದರೂ ಸಾಲದು ಅನ್ನಿಸುವ ಬಾಮ್ ಇದ್ದರೆ ಅದರ ಹಿಂಬದಿಯ ಪಟ್ಟಿಯನ್ನು ಒಮ್ಮೆ ಓದಿ.

ಪಟ್ಟಿಯಲ್ಲಿ ‘ಪರ್ಫ್ಯೂಮ್’, ‘ಫ್ರಾಗ್ರೆನ್ಸ್’, ‘ಫ್ಲೇವರ್’, ‘ಅರೋಮಾ’ ಎಂದಿದ್ದರೆ ಆ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕ ಇರಬಹುದು. ಅಂಥದ್ದನ್ನು ಕೆಳಗಿಡಿ. ಸ್ಟ್ರಾಬೆರಿ ರುಚಿಯ ಬಾಮಿನ ತೊಂದರೆ ಎರಡು ಪಟ್ಟು, ಏಕೆಂದರೆ ರುಚಿ ಇದ್ದರೆ ನಾಲಿಗೆ ಸುಮ್ಮನಿರುವುದಿಲ್ಲ. ನಿಂಬೆ, ಬರ್ಗಮಟ್ ಎಣ್ಣೆಗಳು ಬಿಸಿಲಿನ ಜೊತೆ ಸೇರಿ ಚರ್ಮ ಸುಡಬಲ್ಲವು, ದೋಣಿಯಲ್ಲಿ ಹೋಗುವವರಿಗೆ, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನಿಂತು ದುಡಿಯುವವರಿಗೆ ಅವು ಖಂಡಿತ ಬೇಡ. ಲ್ಯಾನೊಲಿನ್ (ಕುರಿಯುಣ್ಣೆಯ ಜಿಡ್ಡು) ಮುಚ್ಚುವ ಕೆಲಸದಲ್ಲಿ ಗಟ್ಟಿಗ, ಆದರೆ ಕೆಲವರಿಗೆ ಅಲರ್ಜಿ. ಪ್ರೊಪೊಲಿಸ್, ಅಂದರೆ ಜೇನುಹುಳು ಗೂಡಿಗೆ ಮೆತ್ತುವ ಮರದ ಅಂಟು, ಕೂಡ ಹಾಗೆಯೇ. ‘ನೈಸರ್ಗಿಕ’ ಎಂಬ ಹಣೆಪಟ್ಟಿಗೂ ತುಟಿಯ ಸಹನೆಗೂ ಸಂಬಂಧ ಇಲ್ಲ. ಚುಚ್ಚುವ ಎಣ್ಣೆಗಳಲ್ಲಿ ಹೆಚ್ಚಿನವು ಗಿಡದಿಂದಲೇ ಬಂದವು.

ಬಾಮನ್ನು ದೂರುವ ಮೊದಲು

ಏಪ್ರಿಲ್, ಮೇ ತಿಂಗಳಲ್ಲಿ ತುಟಿಯ ಸುತ್ತ ತುರಿಕೆ, ಸಣ್ಣ ಗುಳ್ಳೆ ಎದ್ದರೆ ಮಾವನ್ನು ಅನುಮಾನಿಸಿ. ಮಾವಿನ ಸಿಪ್ಪೆ, ತೊಟ್ಟಿನ ಸೊನೆಯಲ್ಲಿ ಚರ್ಮ ಕೆರಳಿಸುವ ವಸ್ತು ಇರುತ್ತದೆ. ಗೇರು ಅದೇ ಕುಟುಂಬದ್ದು, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಇನ್ನೂ ಖಾರ. ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ ಸೊನೆಗೈಯಲ್ಲಿ ಬಾಯಿ ಒರೆಸಿಕೊಂಡರೂ ಸಾಕು. ಅಂಕೋಲೆಯ ಕರಿ ಇಶಾಡವನ್ನು ಸಿಪ್ಪೆ ಕಚ್ಚಿ ತಿನ್ನುವ ಬದಲು ತೊಳೆದು, ಸುಲಿದು, ಹೋಳು ಮಾಡಿ ತಿಂದು ನೋಡಿ. ರುಚಿಗೇನೂ ಮೋಸವಿಲ್ಲ.

ಕವಳ (ಎಲೆಯಡಿಕೆ) ಹಾಕುವವರಿಗೆ ಸುಣ್ಣವೇ ತುಟಿಯ ಶತ್ರು. ಟೂತ್‌ಪೇಸ್ಟ್ ಮೂರನೆಯದು: ಕಡು ಪುದೀನ ಅಥವಾ ದಾಲ್ಚಿನ್ನಿಯ ರುಚಿ, ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಎರಡೂ ತುಟಿಯ ಅಂಚನ್ನು ಕೆರಳಿಸಬಲ್ಲವು. ಇವು ಮೂರೂ ಇರುವಾಗ ಎಂಥ ಬಾಮ್ ಹಚ್ಚಿದರೂ ಫಲ ಅರ್ಧ.

ಇರಬೇಕಾದವು

ಅತ್ಯಂತ ಸೂಕ್ಷ್ಮ ತುಟಿಗೆ ಸುರಕ್ಷಿತ ಮೊದಲ ಆಯ್ಕೆ ಬಿಳಿ ಪೆಟ್ರೋಲಿಯಂ ಜೆಲ್ಲಿ, ಪಟ್ಟಿಯಲ್ಲಿ ‘ವೈಟ್ ಪೆಟ್ರೋಲೇಟಮ್’. ವಾಸನೆ ಬಣ್ಣ ಯಾವುದೂ ಇಲ್ಲದ ಸಾದಾ ಡಬ್ಬಿ. ಮಣ್ಣೆಣ್ಣೆಯ ಸಂಬಂಧಿ ಎಂದು ಮೂಗು ಮುರಿಯುವವರಿದ್ದಾರೆ. ಶುದ್ಧೀಕರಿಸಿದ ಜೆಲ್ಲಿಗೆ ಅಲರ್ಜಿ ಆಗುವುದು ತೀರ ಅಪರೂಪ, ನೀರು ಆರದಂತೆ ತಡೆಯುವುದರಲ್ಲಿ ಗಿಡದ ಯಾವ ಎಣ್ಣೆಯೂ ಅದರ ಹತ್ತಿರ ಬರುವುದಿಲ್ಲ. ತುಟಿ ಬಿರಿದು ರಕ್ತ ಬರುವ ಹಂತದಲ್ಲಿದ್ದರೆ ಮನೆಮದ್ದಿನ ಪ್ರಯೋಗ ಬದಿಗಿಟ್ಟು ಎರಡು ವಾರ ಇದೊಂದನ್ನೇ ಹಚ್ಚಿ. ಡೈಮೆಥಿಕೋನ್, ಸೆರಾಮೈಡ್, ಶಿಯಾ ಬಟರ್ ಇರುವ ವಾಸನೆರಹಿತ ಬಾಮುಗಳೂ ಆದೀತು.

ಗ್ಲಿಸರಿನ್, ಜೇನುತುಪ್ಪ, ಹಯಲುರಾನಿಕ್ ಆಸಿಡ್ ನೀರನ್ನು ಎಳೆದುಕೊಳ್ಳುವ ಜಾತಿ. ಕಾರವಾರದ ತೇವದ ಗಾಳಿಯಲ್ಲಿ ಇವು ತಕ್ಕಮಟ್ಟಿಗೆ ನಡೆಯುತ್ತವೆ. ಜನವರಿಯಲ್ಲಿ ಮುಂಡಗೋಡದಲ್ಲಿ ಬರೀ ಗ್ಲಿಸರಿನ್ ಹಚ್ಚಿದರೆ ಗಾಳಿಯಲ್ಲಿ ನೀರಿಲ್ಲದೆ ಅದು ತುಟಿಯ ಒಳಗಿನ ನೀರನ್ನೇ ಎಳೆದು ಆರಿಸುತ್ತದೆ. ಹಚ್ಚಲೇಬೇಕೆಂದರೆ ಮೇಲಿಂದ ಜೆಲ್ಲಿಯ ಪದರ ಇರಲಿ.

ಪಟ್ಟಿ ಓದುವಾಗ ಕೆಲವು ಹೆಸರು ಗೊತ್ತಿರಲಿ. ‘ಸೆರಾ ಆಲ್ಬಾ’ ಅಂದರೆ ಬಿಳಿ ಜೇನುಮೇಣ, ‘ರಿಸಿನಸ್ ಕಮ್ಯುನಿಸ್’ ಹರಳೆಣ್ಣೆ, ‘ಕೋಕಸ್ ನ್ಯೂಸಿಫೆರಾ’ ತೆಂಗು, ‘ಗಾರ್ಸಿನಿಯಾ ಇಂಡಿಕಾ’ ನಮ್ಮ ಮುರುಗಲು, ಅಂದರೆ ಕೋಕಂ. ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ಮುಖಪುಟದಲ್ಲಿ ಕೋಕಂ ಚಿತ್ರ ಹಾಕಿ, ಪಟ್ಟಿಯಲ್ಲಿ ಅದು ಪರ್ಫ್ಯೂಮ್ ಆದಮೇಲೆ ಬಂದಿದ್ದರೆ ಇರುವುದು ಹೆಸರಿಗಷ್ಟೇ ಎಂದು ತಿಳಿಯಿರಿ.

ಮುರುಗಲ ತುಪ್ಪ, ಜೇನುಮೇಣ

ಮುರುಗಲ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟಿಡುವುದು ಈ ಜಿಲ್ಲೆಯ ಹಳೆಯ ಪದ್ಧತಿ. ಒಡೆದ ಹಿಮ್ಮಡಿಗೂ ತುಟಿಗೂ ಇದೇ ಮದ್ದು. ಇದರಲ್ಲಿ ಸ್ಟಿಯರಿಕ್ ಆಮ್ಲ ಅರ್ಧಕ್ಕಿಂತ ಹೆಚ್ಚು, ಉಳಿದದ್ದು ಬಹುಪಾಲು ಓಲಿಕ್ ಆಮ್ಲ. ಕರಗುವುದು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೊಬ್ಬರಿ ಎಣ್ಣೆಯಾದರೋ 24-25ಕ್ಕೇ ನೀರು. ಅದಕ್ಕೇ ಕರಾವಳಿಯ ಮೇ ತಿಂಗಳಲ್ಲೂ ಮುರುಗಲ ತುಪ್ಪ ಉಂಡೆಯಾಗಿಯೇ ಇರುತ್ತದೆ. ಅದರ ದೋಷವೂ ಅದೇ: ಗಟ್ಟಿ, ಪುಡಿಪುಡಿ, ಉಂಡೆಯನ್ನು ನೇರ ತುಟಿಗೆ ತಿಕ್ಕಿದರೆ ಗೀರುತ್ತದೆ.

ಕೊಳ್ಳುವಾಗ ಮೂಸಿ ನೋಡಿ. ತುಸು ಹೊಗೆವಾಸನೆ ಪರವಾಗಿಲ್ಲ, ಕಮಟು ಬಂದಿದ್ದರೆ ಬೇಡ. ಮನೆಗೆ ತಂದ ಮೇಲೆ ಸಣ್ಣ ಉರಿಯಲ್ಲಿ ಚಟಪಟ ನಿಲ್ಲುವವರೆಗೆ ಕಾಯಿಸಿ, ತೆಳು ಹತ್ತಿಬಟ್ಟೆಯಲ್ಲಿ ಸೋಸಿ. ಆ ಚಟಪಟ ಒಳಗೆ ಉಳಿದ ನೀರಿನದು, ಅದು ಹೋಗದಿದ್ದರೆ ಬಾಮ್ ಬೇಗ ಹಾಳು.

ಮೇಣದ ವಿಷಯದಲ್ಲಿ ಜೇನಿನ ಜಾತಿ ಮುಖ್ಯ. ಪೆಟ್ಟಿಗೆಯ ತುಡುವೆಯದಾಗಲಿ ಹೆಜ್ಜೇನಿನದಾಗಲಿ ಆದೀತು. ಮಿಸರಿ ಜೇನಿನ (ಚುಚ್ಚದ ಸಣ್ಣ ಜೇನಿನ) ಮೇಣ ಮಾತ್ರ ಬೇಡ. ಆ ಹುಳು ಮೇಣಕ್ಕೆ ಮರದ ಅಂಟು ಬೆರೆಸಿಯೇ ಗೂಡು ಕಟ್ಟುತ್ತದೆ, ಸೂಕ್ಷ್ಮ ತುಟಿಗೆ ಆ ಅಂಟೇ ತೊಂದರೆ. ಹಸಿ ಎರಿಯಾದರೆ ನೀರಲ್ಲಿ ಕರಗಿಸಿ, ಸೋಸಿ, ಆರಿದ ಬಿಲ್ಲೆಯ ಅಡಿಯ ಕಪ್ಪು ಕೆರೆದು, ಇನ್ನೊಮ್ಮೆ ಹಾಗೇ ಮಾಡಿ. ಈ ಕೆಲಸಕ್ಕೆ ಹಳೆಯ ಪಾತ್ರೆ ಒಂದನ್ನು ಬಿಟ್ಟುಕೊಡಿ. ಮೇಣ ಹತ್ತಿದ ಪಾತ್ರೆ ಅಡುಗೆಮನೆಗೆ ವಾಪಸ್ ಹೋಗುವ ಮಾತಿಲ್ಲ.

30 ಗ್ರಾಂ ಬಾಮ್

ಐದು ಗ್ರಾಮಿನ ಆರು ಡಬ್ಬಿಗೆ ಆಗುವಷ್ಟು. ಚಮಚದ ಲೆಕ್ಕ ಬೇಡ, 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ತುರಿದ ಮೇಣ ಚಮಚದಲ್ಲಿ ಒಮ್ಮೆ ಉಬ್ಬಿ ಕೂರುತ್ತದೆ, ಒಮ್ಮೆ ಅಮುಕಿ ಕೂರುತ್ತದೆ.

ಸಾಮಾನ್ಯ ದಿನಕ್ಕೆ: ಜೇನುಮೇಣ 4.5 ಗ್ರಾಂ, ಮುರುಗಲ ತುಪ್ಪ 6, ಕೊಬ್ಬರಿ ಎಣ್ಣೆ 15, ಹರಳೆಣ್ಣೆ 4.5.

ಕರಾವಳಿಯ ಬೇಸಿಗೆಗೆ, ಕಿಸೆಯಲ್ಲಿಟ್ಟುಕೊಳ್ಳುವ ಕಡ್ಡಿಬಾಮಿಗೆ: ಮೇಣ 7, ಮುರುಗಲ ತುಪ್ಪ 6, ಕೊಬ್ಬರಿ ಎಣ್ಣೆ 12, ಹರಳೆಣ್ಣೆ 5.

ಶಿರಸಿಯ ಚಳಿಗೆ: ಮೇಣ 4, ಮುರುಗಲ ತುಪ್ಪ 5, ಕೊಬ್ಬರಿ ಎಣ್ಣೆ 9, ಹರಳೆಣ್ಣೆ 5, ಸೂರ್ಯಕಾಂತಿ ಎಣ್ಣೆ 7. ಚಳಿಯಲ್ಲಿ ಕೊಬ್ಬರಿ ಎಣ್ಣೆ ತಾನೇ ಹೆಪ್ಪುಗಟ್ಟುವುದರಿಂದ ಹೆಪ್ಪುಗಟ್ಟದ ಎಣ್ಣೆಯ ಪಾಲು ಹೆಚ್ಚಿಸಿದ್ದು. ಹರಳೆಣ್ಣೆ ಒಗ್ಗದವರು ಅಪರೂಪಕ್ಕೆ ಇದ್ದಾರೆ. ಅವರು ಅಷ್ಟೇ ತೂಕದ ಸೂರ್ಯಕಾಂತಿ ಎಣ್ಣೆ ಹಾಕಬಹುದು, ಹೊಳಪು ಕಡಿಮೆಯಾಗುತ್ತದೆ ಅಷ್ಟೇ.

ಪಾತ್ರೆ, ಚಮಚ, ಡಬ್ಬಿ ಎಲ್ಲ ತೊಳೆದು ಪೂರ್ತಿ ಒಣಗಿರಬೇಕು. ಮೇಣವನ್ನು ನೇರ ಬೆಂಕಿಯ ಮೇಲಿಡಬೇಡಿ, ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಮೊದಲು ಮೇಣ ಕರಗಿಸಿ (ಅದಕ್ಕೆ 62-64 ಡಿಗ್ರಿ ಬೇಕು), ಆಮೇಲೆ ಮುರುಗಲ ತುಪ್ಪ, ಕೊನೆಗೆ ಎಣ್ಣೆ. ತಣ್ಣನೆಯ ಎಣ್ಣೆ ಬಿದ್ದ ಕೂಡಲೇ ಮೇಣ ಗಂಟುಕಟ್ಟಿದರೆ ಗಾಬರಿ ಬೇಡ, ಮತ್ತೆ ಕರಗುತ್ತದೆ. ಎಲ್ಲ ತಿಳಿಯಾದ ಮೇಲೂ 70-75 ಡಿಗ್ರಿಯಲ್ಲಿ 15 ನಿಮಿಷ ಬಿಡಿ. ನಂತರ ಚಮಚದ ತುದಿಯಲ್ಲಿ ಒಂದು ಹನಿ ತೆಗೆದು ಫ್ರಿಜ್‌ನಲ್ಲಿ ಎರಡು ನಿಮಿಷ ಇಟ್ಟು ತುಟಿಗೆ ಸವರಿ ನೋಡಿ. ಎಳೆಯುತ್ತಿದ್ದರೆ ಒಂದು ಗ್ರಾಂ ಎಣ್ಣೆ, ಮೆತ್ತಗಾಗಿದ್ದರೆ ಅರ್ಧ ಗ್ರಾಂ ಮೇಣ. ಸರಿ ಕಂಡ ಮೇಲೆ ಡಬ್ಬಿಗೆ ಸುರಿದು ಫ್ರಿಜ್‌ನಲ್ಲಿ 20 ನಿಮಿಷ.

ಫ್ರಿಜ್ ಬೇಕಾದದ್ದು ಮುರುಗಲ ತುಪ್ಪದ ಹಟಕ್ಕೆ. ನಿಧಾನ ಆರಿದರೆ ಅದು ಹರಳುಗಟ್ಟಿ, ಬಾಮ್ ರವೆಯಂತಾಗುತ್ತದೆ. ಹಾಗಾದದ್ದನ್ನು ಎಸೆಯಬೇಕಿಲ್ಲ, ಪೂರ್ತಿ ಕರಗಿಸಿ ಬೇಗ ತಣಿಸಿದರೆ ಮತ್ತೆ ನುಣುಪು. ಮಳೆಗಾಲದಲ್ಲಿ ಇನ್ನೊಂದು ಎಡವಟ್ಟು: ಫ್ರಿಜ್‌ನಿಂದ ತೆಗೆದ ತೆರೆದ ಡಬ್ಬಿಯ ಮೇಲೆ ಗಾಳಿಯ ತೇವ ಹನಿಗಟ್ಟಿ, ಅಲ್ಲಿಂದಲೇ ಬೂಷ್ಟು ಶುರು. ಗಟ್ಟಿಯಾದ ಕೂಡಲೇ ಒಳಗಿರುವಾಗಲೇ ಮುಚ್ಚಳ ಹಾಕಿ, ಹೊರಗೆ ತಂದು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ಬೀಟ್‌ರೂಟ್ ರಸ, ಲೋಳೆಸರ, ಜೇನುತುಪ್ಪ ಹಾಕುವ ಆಸೆ ಎಲ್ಲರಿಗೂ. ಇವು ಎಣ್ಣೆಯಲ್ಲಿ ಬೆರೆಯುವುದಿಲ್ಲ. ಅಡಿಗೆ ಇಳಿಯುತ್ತವೆ ಇಲ್ಲವೇ ಹನಿಯಾಗಿ ಬೆವರುತ್ತವೆ, ರಸ ಹಾಕಿದ್ದಂತೂ ಕೆಲವೇ ದಿನದಲ್ಲಿ ಕೆಡುತ್ತದೆ. ನೀರಿನ ಹನಿಯಿಲ್ಲದ ಬಾಮಿಗೆ ಸಂರಕ್ಷಕವೇ ಬೇಡ. ವಿಟಮಿನ್ ಇ ಕಮಟನ್ನು ತಡಮಾಡುತ್ತದೆಯೇ ಹೊರತು ಬೂಷ್ಟನ್ನಲ್ಲ, ಅದಕ್ಕೂ ಕೆಲವರ ತುಟಿ ಕೆರಳುತ್ತದೆ. ಬಿಟ್ಟುಬಿಡಿ, ಸ್ವಲ್ಪವೇ ಮಾಡಿ ಆರು ತಿಂಗಳೊಳಗೆ ಮುಗಿಸಿ. ಒದ್ದೆ ಬೆರಳು ಅದ್ದಬೇಡಿ.

ಬಿಸಿಲಿನ ರಕ್ಷಣೆಗೆಂದು ಜಿಂಕ್ ಆಕ್ಸೈಡ್ ಪುಡಿ ತಂದು ಮನೆಯಲ್ಲಿ ಬೆರೆಸುವುದೂ ಬೇಡ. ಸಮನಾಗಿ ಹರಡುವುದಿಲ್ಲ, ಎಷ್ಟು ರಕ್ಷಣೆ ಸಿಕ್ಕಿತೆಂದು ಅಳೆಯಲೂ ಆಗುವುದಿಲ್ಲ. ಹಗಲು ಹೊರಗಿರುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಜಿಂಕ್ ಆಕ್ಸೈಡ್ ಇಲ್ಲವೇ ಟೈಟಾನಿಯಂ ಡಯಾಕ್ಸೈಡ್ ಇರುವ ಬಾಮ್ ಕೊಳ್ಳಲಿ, ಎರಡು ಗಂಟೆಗೊಮ್ಮೆ ಹಚ್ಚಲಿ. ಬಿಸಿಲು ತಡೆಯಲು ಹಾಕುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವುದನ್ನು ಸೂಕ್ಷ್ಮ ತುಟಿಯವರು ಬಿಡುವುದೇ ಲೇಸು. ಮನೆಯ ಬಾಮ್ ರಾತ್ರಿಗಿರಲಿ.

ಪರೀಕ್ಷೆ, ಬಳಕೆ

ಹೊಸದು ಯಾವುದೇ ಆಗಲಿ, ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಎರಡು ಮೂರು ದಿನ ತಡವಾಗಿಯೂ ತಲೆಯೆತ್ತುತ್ತದೆ, ಒಂದೇ ದಿನದ ಪರೀಕ್ಷೆ ಸಾಲದು. ಎರಡು ಹೊಸ ಬಾಮ್ ಒಟ್ಟಿಗೆ ಶುರುಮಾಡಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಹಚ್ಚುವ ಹೊತ್ತೂ ಮುಖ್ಯ. ಊಟವಾದ ಮೇಲೆ ಖಾರ, ಉಪ್ಪು, ಹುಳಿ ಹೋಗುವಂತೆ ತುಟಿ ತೊಳೆದು, ಒತ್ತಿ ಒರೆಸಿ, ಪಸೆ ಇರುವಾಗಲೇ ಹಚ್ಚಿ. ಮಲಗುವಾಗ ದಪ್ಪಗೆ. ಎದ್ದ ಸಿಪ್ಪೆಯನ್ನು ಕೀಳಬೇಡಿ, ಸಕ್ಕರೆಯಿಂದ ಉಜ್ಜಲೂಬೇಡಿ.

ಎರಡು ಮೂರು ವಾರ ಹೀಗೆ ಮಾಡಿಯೂ ಗುಣವಾಗದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಬಾಯಿಯ ಮೂಲೆಯಲ್ಲಿ ಮಾತ್ರ ಬಿರಿಯುತ್ತಿದ್ದರೆ ಫಂಗಸ್, ಕಬ್ಬಿಣ ಅಥವಾ ಬಿ ವಿಟಮಿನ್ ಕೊರತೆ ಇರಬಹುದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತಿನ್ನುತ್ತಿದ್ದರೆ ತುಟಿ ಒಣಗುವುದು ಅದರದೇ ಪರಿಣಾಮ, ಬರೆದುಕೊಟ್ಟ ವೈದ್ಯರಿಗೆ ಹೇಳಿ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರ ಕೆಳತುಟಿಯಲ್ಲಿ ಮಾಸದ ಬಿಳಿಚು ಕಲೆ, ಒರಟು ಹೊಪ್ಪಳೆ ಇದ್ದರೆ ತಡಮಾಡಬೇಡಿ, ಅದು ಕ್ಯಾನ್ಸರ್‌ಗೆ ತಿರುಗಬಲ್ಲದು. ಹೋಗುವಾಗ ಹಚ್ಚುತ್ತಿದ್ದ ಬಾಮಿನ ಡಬ್ಬಿ, ಲಿಪ್‌ಸ್ಟಿಕ್, ಟೂತ್‌ಪೇಸ್ಟ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಪ್ಯಾಚ್ ಟೆಸ್ಟ್ (ಚರ್ಮದ ಮೇಲೆ ಪದಾರ್ಥ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡುವುದಿದ್ದರೆ ವೈದ್ಯರು ಮೊದಲು ಕೇಳುವುದೇ ಅವನ್ನು.