ಬ್ಯಾಡಗಿ ಮೆಣಸಿನಕಾಯಿ ಲೆಕ್ಕ, ಒಳಗೊಳಗಿನ ಆಬ್ಜೆಕ್ಟ್‌ಗಳು

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಲೆಕ್ಕದ ಆ್ಯಪ್ ಮಾಡಿಕೊಟ್ಟೆ. ಕೂತಿದ್ದು ಹುಬ್ಬಳ್ಳಿಯಲ್ಲಿ, ನನ್ನ ರೂಮಿನಲ್ಲಿ. ಡೇಟಾ ಬರುತ್ತಿದ್ದದ್ದು ಹೀಗೆ: ರೈತನ ಒಳಗೆ ಲಾಟ್‌ಗಳ ಅರೇ (ಪಟ್ಟಿ), ಲಾಟಿನೊಳಗೆ ಚೀಲಗಳ ತೂಕ, ಟೆಂಡರ್, ಟೆಂಡರ್ ಒಳಗೆ ದರ. ಎಲ್ಲವೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ದರವಂತೂ "32,500" ಅಂತ ಕಾಮಾ ಸಮೇತ. ಇವನ್ನು ನಂಬರ್ ಮಾಡಬೇಕಿತ್ತು.

ಮೊದಲು ಪಾರ್ಸ್‌ಫ್ಲೋಟ್ ಹಾಕಿದೆ. ಕ್ವಿಂಟಲ್ ಡಬ್ಬಿ (ಬ್ಯಾಡಗಿಯ ಒಂದು ಬಗೆ) ಮೆಣಸಿನಕಾಯಿ 32 ರೂಪಾಯಿಗೆ ಬಂತು! ಕಾಮಾ ಕಂಡಲ್ಲೇ ಅದು ನಿಂತುಬಿಡುತ್ತದೆ. ಕಾಮಾ ತೆಗೆದು ನಂಬರ್ ಫಂಕ್ಷನ್‌ಗೆ ಕೊಟ್ಟೆ, ಸರಿಹೋಯಿತು. ಖಾಲಿ ಸ್ಟ್ರಿಂಗ್ ಇದ್ದರೆ ಮಾತ್ರ ಹುಷಾರು, ಅದು ಸುಮ್ನೆ 0 ಆಗಿಬಿಡುತ್ತದೆ.

ಒಳಗಿಳಿಯುವ ಫಂಕ್ಷನ್ ಸಣ್ಣದೇ. ಅರೇ ಆದರೆ ಮ್ಯಾಪ್, ಅಂದರೆ ಒಳಗಿನ ಒಂದೊಂದಕ್ಕೂ ಅದೇ ಫಂಕ್ಷನ್ ಕರೆಯುವುದು. ಆಬ್ಜೆಕ್ಟ್ (ಕೀ ಅನ್ನುವ ಹೆಸರು, ಅದರ ವ್ಯಾಲ್ಯೂ, ಇಂಥ ಜೋಡಿಗಳ ಗಂಟು) ಆದರೆ ಆಬ್ಜೆಕ್ಟ್.ಎಂಟ್ರೀಸ್‌ನಿಂದ ಬಿಚ್ಚಿ, ಪ್ರತಿ ವ್ಯಾಲ್ಯೂಗೂ ಅದೇ ಫಂಕ್ಷನ್ ಕರೆದು, ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್‌ನಿಂದ ಮತ್ತೆ ಕಟ್ಟುವುದು. ಹಳೆಯ ಡೇಟಾ ಹಾಗೇ ಉಳಿಯುತ್ತದೆ. ಟೆಂಡರ್ ಆಗದ ಲಾಟಿಗೆ ನಲ್ (ಏನೂ ಇಲ್ಲ ಅನ್ನುವ ಗುರುತು) ಇತ್ತು. ಟೈಪ್‌ಆಫ್ ಕೇಳಿದರೆ ನಲ್ ಕೂಡ ಆಬ್ಜೆಕ್ಟೇ ಅಲ್ವಾ, ಅದನ್ನೂ ಬಿಚ್ಚಲು ಹೋಗಿ ಎರರ್. ಒಂದು ಇಫ್ ಸೇರಿಸಿದೆ.

ನಿಜವಾದ ಎಡವಟ್ಟು ಬೇರೆ. ಅಂಕಿಯ ಹಾಗೆ ಕಂಡದ್ದನ್ನೆಲ್ಲ ನಂಬರ್ ಮಾಡು ಅಂತ ಬರೆದಿದ್ದೆ. ಸಂಜೆ ಸಾಹುಕಾರರ ಫೋನ್.

"ತಮ್ಮಾ, ಚೀಟ್ಯಾಗ ಲಾಟ್ 0047 ಐತಿ. ನಿನ್ನ ಆ್ಯಪ್‌ನ್ಯಾಗ ಹುಡುಕಿದ್ರ ಸಿಗವಲ್ದು."

"ನೋಡ್ತೀನ್ರಿ ಸಾಹುಕಾರ" ಅಂದೆ. ನೋಡುವುದೇನು, 0047 ಹೋಗಿ 47 ಆಗಿತ್ತು. ಲಾಟ್ ನಂಬರ್ ಹೆಸರಿಗಷ್ಟೇ ನಂಬರ್, ಅದನ್ನು ಯಾರೂ ಕೂಡಿಸುವುದಿಲ್ಲ. ಮೊಬೈಲ್ ನಂಬರೂ ಹಾಗೇ. ವ್ಯಾಲ್ಯೂ ಮುಖ ನೋಡಿ ತೀರ್ಮಾನ ಮಾಡುವುದನ್ನು ಅಂದೇ ಬಿಟ್ಟೆ. ಫಂಕ್ಷನ್‌ಗೆ ಕೀಯನ್ನೂ ಎರಡನೇ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಆಗಿ ಕಳಿಸಿದೆ. ಕೀ ದರ ಅಥವಾ ತೂಕ ಆಗಿದ್ದರೆ ಮಾತ್ರ ಬದಲಾಯಿಸು, ಉಳಿದದ್ದನ್ನು ಮುಟ್ಟಬೇಡ.

ಮುಗಿಯಿತು ಅಂದುಕೊಂಡೆ. ಮೂರು ಚೀಲದ ಒಟ್ಟು ತೂಕ 0423941 ಬಂತು! 42, 39, 41 ಇನ್ನೂ ಸ್ಟ್ರಿಂಗ್ ಆಗಿಯೇ ಇದ್ದವು, ಕೂಡುವ ಬದಲು ಮೊತ್ತ ಶುರುವಾಗುವ 0ಗೆ ಒಂದರ ಹಿಂದೊಂದು ಅಂಟಿಕೊಂಡಿದ್ದವು. ಒಂದು ತಾಸು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮ್ಯಾಪ್‌ಗೆ ನನ್ನ ಫಂಕ್ಷನ್ನನ್ನು ನೇರವಾಗಿ ಕೊಟ್ಟಿದ್ದೆ. ಮ್ಯಾಪ್ ಎರಡನೇ ಆರ್ಗ್ಯುಮೆಂಟ್ ಆಗಿ ಇಂಡೆಕ್ಸ್ (0ಯಿಂದ ಶುರುವಾಗುವ ಕ್ರಮಸಂಖ್ಯೆ) ಕಳಿಸುತ್ತದೆ. ಹಾಗಾಗಿ ತೂಕ ಅನ್ನುವ ಕೀ ಇರಬೇಕಾದ ಜಾಗದಲ್ಲಿ 0, 1, 2 ಬಂದು ಕೂತಿದ್ದವು. ಈಗ ಮ್ಯಾಪ್ ಒಳಗೆ ಆ್ಯರೋ ಫಂಕ್ಷನ್ ಬರೆದು, ಅರೇಯ ಕೀಯನ್ನು ನಾನೇ ಕೈಯಾರೆ ದಾಟಿಸುತ್ತೇನೆ.