ಒಂದೇ ಸ್ವಿಚ್, ಮೂರು ವಿಪಿಎನ್: ದಾರಿಗಳು ಬೆರೆಯದಂತೆ ನೋಡಿಕೊಳ್ಳುವುದು ಹೇಗೆ?

ಒಂದು ಬಾಡಿಗೆ ಕಟ್ಟಡ. ಕೆಳಗೆ ರಕ್ತ ಪರೀಕ್ಷೆಯ ಲ್ಯಾಬ್, ಮೇಲೆ ಲೆಕ್ಕ ಪರಿಶೋಧಕರ ಕಚೇರಿ, ಅದರ ಮೇಲೆ ಲಾರಿ ಸಾಗಣೆಯವರು. ಮೂವರಿಗೂ ತಮ್ಮ ತಮ್ಮ ಮುಖ್ಯ ಕಚೇರಿಗೆ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಹೋಗುವ ಖಾಸಗಿ ಸುರಂಗ ಬೇಕು. ಮಾಲೀಕರು ಕೊಡಿಸಿರುವ ಸ್ವಿಚ್ ಮಾತ್ರ ಒಂದೇ. ಇಂಥಲ್ಲಿಗೆ ನನ್ನನ್ನು ಕರೆಯುವುದು ಸಾಮಾನ್ಯವಾಗಿ ತಡವಾಗಿ, ಅಂದರೆ ಲೆಕ್ಕದವರ ಕಂಪ್ಯೂಟರಿನಲ್ಲಿ ಲ್ಯಾಬ್ ಪ್ರಿಂಟರಿನ ಸೆಟ್ಟಿಂಗ್ ಪುಟ ತೆರೆದುಕೊಂಡ ಮೇಲೆ.

‘ಬೇರೆ ಬೇರೆ ವಿಲ್ಯಾನ್ ಮಾಡಿದ್ದೇವಲ್ಲ ಸರ್?’ ಎನ್ನುತ್ತಾರೆ. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ. ಮಾಡಿರುತ್ತಾರೆ, ನಿಜ. ಆದರೆ ಅದು ವಠಾರದ ಮನೆಗಳ ನಡುವೆ ಗೋಡೆ ಎಬ್ಬಿಸಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ರೂಟಿಂಗ್ ಮಾಡಬಲ್ಲ ಸ್ವಿಚ್ಚಿನಲ್ಲಿ ಪ್ರತಿ ವಿಲ್ಯಾನಿಗೂ ಗೇಟ್‌ವೇ (ಹೊರಹೋಗುವ ಬಾಗಿಲಿನ) ವಿಳಾಸ ಕೊಟ್ಟಿರಿ ಎಂದರೆ ಆ ಜಾಲಗಳೆಲ್ಲ ಒಂದೇ ರೂಟಿಂಗ್ ಪಟ್ಟಿಗೆ, ಅಂದರೆ ಯಾವ ಜಾಲಕ್ಕೆ ಯಾವ ದಾರಿ ಎಂಬ ಪಟ್ಟಿಗೆ ಸೇರುತ್ತವೆ. ಆಮೇಲೆ ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸುವುದು ಸ್ವಿಚ್ಚಿನ ಕರ್ತವ್ಯ.

ಆಕ್ಸೆಸ್ ಲಿಸ್ಟ್, ಅಂದರೆ ಯಾರಿಂದ ಯಾರಿಗೆ ಹೋಗಬಹುದು ಎಂಬ ನಿಯಮಗಳ ಸಾಲುಗಳನ್ನು ಬರೆದು ತಡೆಯಬಹುದು. ನಾನು ಬರೆಯುವುದಿಲ್ಲ. ಹೊಸ ಜಾಲ ಸೇರಿಸಿದಾಗಲೆಲ್ಲ ಒಂದು ಸಾಲು ಸೇರಿಸಲು ಯಾರೋ ನೆನಪಿಡಬೇಕು, ಯಾರೂ ಇಡುವುದಿಲ್ಲ. ಮೇಲಾಗಿ ಇಬ್ಬರು ಬಾಡಿಗೆದಾರರೂ 192.168.1.0 ಜಾಲವನ್ನೇ ಇಟ್ಟುಕೊಂಡಿದ್ದರೆ ಆಕ್ಸೆಸ್ ಲಿಸ್ಟ್ ಕೈಚೆಲ್ಲುತ್ತದೆ. ಇದಕ್ಕೆ ತಕ್ಕ ಮದ್ದು ವಿಆರ್‌ಎಫ್: ಒಂದೇ ಯಂತ್ರದೊಳಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ರೂಟಿಂಗ್ ಪಟ್ಟಿ.

ಹಂತ 1: ಸ್ವಿಚ್ಚಿಗೆ ವಿಆರ್‌ಎಫ್ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಡಬ್ಬಿಯ ಮೇಲೆ ‘ಲೇಯರ್ 3 ಲೈಟ್’ ಎಂದಿದ್ದರೆ ಅಂಗಡಿಯವರ ಮಾತು ನಂಬದೆ ಕೈಪಿಡಿ ತೆರೆದು ನೋಡಿ. ಅಂಥ ಬಹಳಷ್ಟು ಸ್ವಿಚ್ಚುಗಳಲ್ಲಿ ಇರುವುದು ಒಂದೇ ಪಟ್ಟಿ.

ಹಂತ 2: ಬಾಡಿಗೆದಾರರಿಗೊಂದರಂತೆ ವಿಆರ್‌ಎಫ್ ಸೃಷ್ಟಿಸಿ. ಪಠ್ಯಪುಸ್ತಕದಂತೆ ಕೆಂಪು, ನೀಲಿ ಎಂದು ಹೆಸರಿಡಬೇಡಿ. ನಡುರಾತ್ರಿ ಫೋನ್ ಬಂದಾಗ ನೀಲಿ ಯಾರೆಂದು ನಿಮಗೇ ನೆನಪಾಗುವುದಿಲ್ಲ. ಸಿಸ್ಕೊ ಸ್ವಿಚ್ಚಿನಲ್ಲಿ ‘ವಿಆರ್‌ಎಫ್ ಡೆಫಿನಿಷನ್’ ಎಂದು ಬರೆಯುವುದಾದರೆ ಅದರೊಳಗೆ ಐಪಿವಿ4 ಅಡ್ರೆಸ್ ಫ್ಯಾಮಿಲಿಯನ್ನೂ ಸೇರಿಸಿ.

ಹಂತ 3: ವಿಲ್ಯಾನ್ ಇಂಟರ್‌ಫೇಸನ್ನು ಅದರ ವಿಆರ್‌ಎಫ್‌ಗೆ ಸೇರಿಸಿ. ಸೇರಿಸಿದ ತಕ್ಷಣ ಆ ಇಂಟರ್‌ಫೇಸಿನ ಐಪಿ ವಿಳಾಸ ಅಳಿಸಿಹೋಗುತ್ತದೆ, ಮತ್ತೆ ಬರೆಯಬೇಕು. ಅದೇ ವಿಳಾಸದ ಮೂಲಕ ನೀವು ಲಾಗಿನ್ ಆಗಿದ್ದರೆ ಕೂತ ಕೊಂಬೆಯನ್ನೇ ಕಡಿದಂತಾಯಿತು. ಆದ್ದರಿಂದ ಕನ್ಸೋಲ್ ಕೇಬಲ್ (ಜಾಲದ ಹಂಗಿಲ್ಲದೆ ಸ್ವಿಚ್ಚಿಗೆ ನೇರ ಸೇರುವ ತಂತಿ) ಹಿಡಿದು ರ‍್ಯಾಕಿನ ಮುಂದೆ ಕೂರಿ. ಅದು ಆಗದಿದ್ದರೆ ಮೊದಲು ‘ರೀಲೋಡ್ ಇನ್ 10’ ಕೊಡಿ. ಬದಲಾವಣೆಗಳನ್ನು ಉಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಕೈ ತಪ್ಪಿದರೂ ಹತ್ತು ನಿಮಿಷಕ್ಕೆ ಸ್ವಿಚ್ ಹಳೆಯ ಸ್ಥಿತಿಯಲ್ಲಿ ಎದ್ದು ಕೂರುತ್ತದೆ.

ಹಂತ 4: ಹೊರದಾರಿ. ಎಲ್ಲರೂ ಎಡವುವುದು ಇಲ್ಲಿ, ನಿಧಾನವಾಗಿ ಓದಿ.

ಸ್ವಿಚ್ಚಿನಿಂದ ಫೈರ್‌ವಾಲ್‌ಗೆ (ಇಂಟರ್ನೆಟ್ ಬಾಗಿಲ ಕಾವಲು ಯಂತ್ರ) ತಂತಿ ಒಂದೇ ಇರಲಿ, ಅದರಲ್ಲಿ ಪ್ರತಿ ವಿಆರ್‌ಎಫ್‌ಗೂ ಬೇರೆ ವಿಲ್ಯಾನ್ ಟ್ಯಾಗ್ (ಪ್ಯಾಕೆಟ್ ಯಾವ ವಿಲ್ಯಾನಿನದು ಎಂಬ ಗುರುತು) ಮತ್ತು ಎರಡೇ ಯಂತ್ರಗಳಿಗೆ ಸಾಲುವ ಪುಟ್ಟದೊಂದು /30 ಜಾಲ ಇರಬೇಕು. ಪ್ರತಿ ವಿಆರ್‌ಎಫ್‌ನಲ್ಲೂ ಫೈರ್‌ವಾಲ್ ಕಡೆಗೆ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಹೋಗುವ ದಾರಿ) ಬರೆಯಿರಿ. ಬರೆಯುವಾಗ ವಿಆರ್‌ಎಫ್ ಹೆಸರು ಬಿಟ್ಟುಹೋದರೆ ಆ ರೂಟ್ ಸದ್ದಿಲ್ಲದೆ ಸಾಮಾನ್ಯ ಪಟ್ಟಿಗೆ ಸೇರುತ್ತದೆ.

ಇಷ್ಟಾದ ಮೇಲೆ ಲ್ಯಾಬಿನಿಂದ ಲೆಕ್ಕದವರ 10.20.0.5ಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪ್ಯಾಕೆಟ್ ಕಳಿಸಿ. ಉತ್ತರ ಬಂದರೆ ಹೌಹಾರಬೇಡಿ, ಪ್ಯಾಕೆಟ್ಟಿನ ಹಿಂದೆಯೇ ನಡೆದು ನೋಡಿ. ಲ್ಯಾಬಿನ ಪಟ್ಟಿಯಲ್ಲಿ 10.20.0.0 ಇಲ್ಲ. ಹಾಗಾಗಿ ಡಿಫಾಲ್ಟ್ ರೂಟ್ ಹಿಡಿದು ಪ್ಯಾಕೆಟ್ ಫೈರ್‌ವಾಲ್‌ಗೆ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ಮೂವರ ರೂಟುಗಳೂ ಒಂದೇ ಪಟ್ಟಿಯಲ್ಲಿವೆ, ನಿಯಮಗಳಲ್ಲಿ ಯಾರೋ ‘ಎಲ್ಲರಿಂದ ಎಲ್ಲರಿಗೂ ಅನುಮತಿ’ ಎಂದು ಬರೆದಿದ್ದಾರೆ. ಅದು ಪ್ಯಾಕೆಟ್ಟನ್ನು ಲೆಕ್ಕದವರ ಟ್ಯಾಗಿನಲ್ಲಿ ಅದೇ ತಂತಿಯ ಮೇಲೆ ವಾಪಸ್ ಕಳಿಸುತ್ತದೆ, ಸ್ವಿಚ್ ಭಕ್ತಿಯಿಂದ ತಲುಪಿಸುತ್ತದೆ. ಪ್ಯಾಕೆಟ್ ಹಾದುಹೋದ ನಿಲ್ದಾಣಗಳನ್ನು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಎರಡನೇ ಸಾಲಿನಲ್ಲೇ ಫೈರ್‌ವಾಲ್ ಸಿಕ್ಕಿಬೀಳುತ್ತದೆ.

ಆದ್ದರಿಂದ ಫೈರ್‌ವಾಲ್‌ನಲ್ಲೂ ಮೂರು ಪಟ್ಟಿ ಮಾಡಿ. ಇಂಟರ್ನೆಟ್ ಸಂಪರ್ಕ ಒಂದೇ ಇದ್ದರೆ ತೊಂದರೆಯಿಲ್ಲ. ಆದರೆ ಪ್ರತಿ ವಿಪಿಎನ್ ಸುರಂಗದ ಒಳಬಾಯಿ ಆಯಾ ಬಾಡಿಗೆದಾರರ ಪಟ್ಟಿಯಲ್ಲೇ ತೆರೆಯಬೇಕು.

ಫೈರ್‌ವಾಲ್ ಬದಲು ಲಿನಕ್ಸ್ ಯಂತ್ರ ಇಟ್ಟವರಿಗೆ ಇನ್ನೊಂದು ಮಾತು. ಲಿನಕ್ಸ್‌ನಲ್ಲಿ ವಿಆರ್‌ಎಫ್ ಪಟ್ಟಿಯೊಳಗೆ ದಾರಿ ಸಿಗದಿದ್ದರೆ ಹುಡುಕಾಟ ಮುಖ್ಯ ಪಟ್ಟಿಗೆ ಜಾರುತ್ತದೆ. ಅದನ್ನು ತಡೆಯಲು ಪ್ರತಿ ಪಟ್ಟಿಯ ತಳದಲ್ಲೂ ತುಂಬ ದೊಡ್ಡ ಮೆಟ್ರಿಕ್ (ಅಂಕಿ ದೊಡ್ಡದಾದಷ್ಟೂ ಆ ದಾರಿ ಕೊನೆಯ ಆಯ್ಕೆ) ಕೊಟ್ಟು ‘ಅನ್‌ರೀಚಬಲ್’, ಅಂದರೆ ದಾರಿಯಿಲ್ಲ ಎನ್ನುವ ಡಿಫಾಲ್ಟ್ ರೂಟ್ ಒಂದನ್ನು ಇಡಿ.

ಮೂವರಿಗೂ ಒಂದೇ ಪ್ರಿಂಟರ್ ಸಾಕು, ರೂಟ್ ಲೀಕ್ (ಒಂದು ಪಟ್ಟಿಯ ದಾರಿಯನ್ನು ಇನ್ನೊಂದಕ್ಕೂ ಕೊಡುವುದು) ಮಾಡಿಕೊಡಿ ಎಂದು ಮಾಲೀಕರು ಕೇಳುತ್ತಾರೆ. ಎರಡನೇ ಪ್ರಿಂಟರ್ ಕೊಳ್ಳಿ ಎನ್ನಿ.

ಹಂತ 5: ಪರೀಕ್ಷೆ. ಸ್ವಿಚ್ಚಿನಲ್ಲೇ ಕೂತು ಪಿಂಗ್ ಮಾಡುವಾಗ ವಿಆರ್‌ಎಫ್ ಹೆಸರು ಸೇರಿಸಿ, ಇಲ್ಲವಾದರೆ ಸರಿಯಿರುವುದೂ ಕೆಟ್ಟಂತೆ ಕಾಣುತ್ತದೆ. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಮೂರೂ ಕಚೇರಿಗಳಿಗೆ ಹೋಗಿ, ಪ್ರತಿಯೊಂದರಿಂದ ಉಳಿದೆರಡಕ್ಕೂ ಪಿಂಗ್ ಮಾಡಿ. ಆರೂ ಸೋಲಬೇಕು, ತಂತಮ್ಮ ಮುಖ್ಯ ಕಚೇರಿಗೆ ಹೋಗುವ ಮೂರೂ ಗೆಲ್ಲಬೇಕು. ಗೆದ್ದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು, ಆಮೇಲೆ ಸಂರಚನೆ ಉಳಿಸಿ. ಹತ್ತು ನಿಮಿಷದಲ್ಲಿ ಮೂರು ಮಹಡಿ ಹತ್ತಲಾರೆ ಎನ್ನುವವರು ಮೊದಲೇ 40 ಎಂದು ಬರೆದುಕೊಳ್ಳಿ.